ನೆಲೆ, ನೀರು, ನ್ಯಾಯ: ಪುತ್ತೂರು, ಸುಳ್ಯ, ಕಡಬ ಸೀಮೆಯ ಇತಿಹಾಸ ಕಲಿಸುವ ಊರು ಕಟ್ಟುವ ಧರ್ಮ

ಆಚಾರ್ಯ ಉಮಾಸ್ವಾತಿಗಳು ತತ್ತ್ವಾರ್ಥ ಸೂತ್ರದ ಐದನೆಯ ಅಧ್ಯಾಯದಲ್ಲಿ ದ್ರವ್ಯಗಳ ಉಪಕಾರವನ್ನು ಒಂದೊಂದಾಗಿ ನಿರೂಪಿಸಿದ್ದಾರೆ. ಆಕಾಶ ದ್ರವ್ಯದ ಉಪಕಾರವೆಂದರೆ ಅವಗಾಹ, ಅಂದರೆ ಉಳಿದೆಲ್ಲ ದ್ರವ್ಯಗಳಿಗೆ ಇರಲು ಎಡೆ ಕೊಡುವುದು. ಅದೇ ಪ್ರಕರಣದಲ್ಲಿ ಸ್ವಲ್ಪ ಮುಂದೆ, ಜೀವಗಳ ಉಪಕಾರವೆಂದರೆ ಒಂದಕ್ಕೊಂದು ನೆರವಾಗುವುದು ಎಂಬ ಮಾತು ಬರುತ್ತದೆ. ಎಡೆ ಕೊಡುವುದು ಮತ್ತು ನೆರವಾಗುವುದು ಎಂಬ ಈ ಎರಡು ಉಪಕಾರಗಳು ಒಂದೇ ಪ್ರಕರಣದಲ್ಲಿ ಕೂಡಿ ಬಂದಿರುವುದು ಮನನಯೋಗ್ಯವಾಗಿದೆ. ಆಕಾಶವು ಯಾರಿಗೂ ಎಡೆಯನ್ನು ನಿರಾಕರಿಸುವುದಿಲ್ಲ. ನಿರಾಕರಿಸುವವನು ಮನುಷ್ಯ. ಬೇಲಿ, ಗಡಿಕಲ್ಲು, ಪಟ್ಟೆ, ನಕಾಶೆಗಳೆಲ್ಲ ಅವನ ಕೃತಿಗಳು. ಊರು ಕಟ್ಟುವ ವಿದ್ಯೆಯನ್ನು ಧರ್ಮದ ದೃಷ್ಟಿಯಿಂದ ವಿಚಾರಿಸಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಸೀಮೆಯ ಇತಿಹಾಸವು ಈ ವಿಚಾರಕ್ಕೆ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಒಂದು ಗದ್ದೆಯ ಕಥೆ

ಈ ಸೀಮೆಯ ಜನರ ನೆನಪಿನಲ್ಲಿ ಅತ್ಯಂತ ಆಳವಾಗಿ ನಿಂತಿರುವ ಕಥೆ ಕೋಟಿ-ಚೆನ್ನಯರದು. ತುಳು ಪಾಡ್ದನಗಳಲ್ಲಿ ಪಾಠಾಂತರಗಳು ಅನೇಕವಿದ್ದರೂ ಕಥೆಯ ತಿರುಳು ಒಂದೇ. ಪಡುಮಲೆಯ ಬಲ್ಲಾಳರ ಕಾಲಿನ ಗಾಯವನ್ನು ದೇಯಿ ಬೈದೆತಿ ತನ್ನ ಮದ್ದಿನಿಂದ ಗುಣಪಡಿಸಿದಳು. ಆ ಉಪಕಾರದ ಋಣ ಆಕೆಯ ಅವಳಿ ಮಕ್ಕಳ ಕಾಲಕ್ಕೂ ತೀರಲಿಲ್ಲ. ಗದ್ದೆಯ ಬಿತ್ತನೆ ಮತ್ತು ನೀರಿನ ವಿಷಯದಲ್ಲಿ ಬುದ್ಯಂತನೊಡನೆ ಹುಟ್ಟಿದ ಕಲಹವು ಕೊಲೆಯವರೆಗೆ ಹೋಯಿತು. ಸಹೋದರರು ಬೀಡಿಗೆ ಬಂದು ತಮ್ಮ ಪಾಲನ್ನು ಕೇಳಿದಾಗ ಬಲ್ಲಾಳರು ಒಪ್ಪಲಿಲ್ಲ. ಅವರು ಪಡುಮಲೆಯನ್ನು ತೊರೆದು ಪಂಜವನ್ನು ಹಾದು ಎಣ್ಮೂರನ್ನು ಸೇರಿದರು. ಕೊನೆಗೆ ಕಾಳಗದಲ್ಲಿ ಮಡಿದರು. ಇಂದು ತುಳುನಾಡಿನ ಉದ್ದಗಲಕ್ಕೂ ಇರುವ ಗರೋಡಿಗಳಲ್ಲಿ ಅವರಿಗೆ ಪೂಜೆ ಸಲ್ಲುತ್ತಿದೆ.

ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಪಂಜ, ಎಣ್ಮೂರುಗಳು ಅದರಾಚೆಯ ಸುಳ್ಯ-ಕಡಬ ಸೀಮೆಯಲ್ಲಿವೆ. ಹೀಗೆ ಈ ಕಥೆಯ ದಾರಿ ಮೂರು ತಾಲೂಕುಗಳ ನೆಲವನ್ನೇ ಹಾದುಹೋಗುತ್ತದೆ. ತುಳುನಾಡಿನ ಬಲ್ಲಾಳ ಮನೆತನಗಳಲ್ಲಿ ಜೈನರವೂ ಇವೆ, ಬಂಟರವೂ ಇವೆ. ಪಡುಮಲೆಯ ಬಲ್ಲಾಳರು ಯಾವ ಮತದವರೆಂಬ ಚರ್ಚೆಗಿಂತ ಜೈನ ಮನೆತನಗಳು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನೆಲ ನೀರುಗಳ ಒಡೆತನ ಕೈಯಲ್ಲಿದ್ದಾಗ, ಋಣ ಕೇಳಲು ಬಂದವರಿಗೆ ಬೀಡಿನ ಅಂಗಳದಲ್ಲಿ ದೊರೆತ ಉತ್ತರವೇನು ಎಂಬುದೇ ಆ ಪ್ರಶ್ನೆ.

ಬೈಲು, ಮಜಲು, ಬೆಟ್ಟು

ಘಟ್ಟದ ಮೇಲಿನ ಹಳ್ಳಿಗಳಂತೆ ಈ ಸೀಮೆಯಲ್ಲಿ ಮನೆಗಳು ಒತ್ತಾಗಿ ಒಂದೆಡೆ ಇರಲಿಲ್ಲ. ಗುಡ್ಡದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಮನೆಯ ಮುಂದೆ ಗದ್ದೆ, ಹಿಂದೆ ಕಾಡು. ನೀರು ಸದಾ ನಿಲ್ಲುವ ತಗ್ಗಿನ ನೆಲ ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ನೆಲದ ಬೆಲೆಯನ್ನು ನೀರಿನಿಂದ ಅಳೆದ ಈ ವಿಂಗಡಣೆಯು ಇಂದಿಗೂ ನೂರಾರು ಊರುಗಳ ಹೆಸರಿನಲ್ಲಿ ಉಳಿದಿದೆ. ಕೃಷಿ ಭೂಮಿಗೆ ಹೊಂದಿ ನೂರು ಗಜದವರೆಗಿನ ಸರಕಾರಿ ಗುಡ್ಡವು ಕುಮ್ಕಿ. ಅಲ್ಲಿಂದ ಸೊಪ್ಪು, ಸೌದೆ, ಮೇವುಗಳನ್ನು ತರುವ ಅನುಭೋಗವಿತ್ತು, ಒಡೆತನವಿರಲಿಲ್ಲ. ಒಡೆತನವಿಲ್ಲದೆ ಅನುಭೋಗಿಸುವ, ಅನುಭೋಗಿಸಿದ್ದನ್ನು ಅಳಿಸದೆ ಉಳಿಸುವ ಈ ಕ್ರಮವು ಅಪರಿಗ್ರಹಕ್ಕೆ ಬಹಳ ಹತ್ತಿರದ್ದು.

ನೀರಿನ ವಿಷಯದಲ್ಲಿಯೂ ಇಂತಹದೇ ವಿವೇಕ ಕಂಡುಬರುತ್ತದೆ. ಗುಡ್ಡದ ಮೇಲೆ ಮಳೆನೀರನ್ನು ಇಂಗಿಸುವ ಮದಕಗಳು, ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಗಳು, ಮಳೆಗಾಲ ಕಳೆದ ಮೇಲೆ ತೋಡುಗಳಿಗೆ ಕಲ್ಲು ಮಣ್ಣುಗಳಿಂದ ಹಾಕುವ ಕಟ್ಟಗಳು ಇವೆಲ್ಲ ಈ ನಾಡಿನ ಜಲವಿದ್ಯೆಯ ಅಂಗಗಳು. ಕಟ್ಟವನ್ನು ಒಬ್ಬನೇ ಹಾಕಲಾಗದು. ಮೇಲಿನವನು ಕೆಳಗಿನವನ ಪಾಲನ್ನು ಬಿಟ್ಟು ತನ್ನ ಪಾಲನ್ನು ಪಡೆಯಬೇಕು. ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಐತಿಹ್ಯವೂ ಕೆರೆಯನ್ನೇ ಆಶ್ರಯಿಸಿದೆ. ಎಷ್ಟು ತೋಡಿದರೂ ನೀರು ಬಾರದ ಕೆರೆಯಲ್ಲಿ ಅನ್ನದಾನ ನಡೆದಾಗ ನೀರು ಉಕ್ಕಿತು, ಅನ್ನದ ಅಗುಳುಗಳು ಮುತ್ತುಗಳಾದವು, ಮುತ್ತೂರು ಪುತ್ತೂರಾಯಿತು ಎನ್ನುತ್ತಾರೆ. ಅನ್ನವನ್ನು ಹಂಚಿದ ಮೇಲೆ ನೀರು ಬಂದಿತೆಂಬುದು ಇಲ್ಲಿಯ ಗೂಢಾರ್ಥ.

ಆದರೆ ಈ ಹಳೆಯ ವ್ಯವಸ್ಥೆಯನ್ನು ಕೇವಲ ಹೊಗಳಿ ಬಿಡುವುದು ಸತ್ಯವ್ರತಕ್ಕೆ ಸಲ್ಲದು. ಕಟ್ಟಕ್ಕೆ ಕಲ್ಲು ಹೊತ್ತವರಲ್ಲಿ ಅನೇಕರಿಗೆ ಸ್ವಂತ ಗದ್ದೆಯಿರಲಿಲ್ಲ. ಬಾವಿ ತೋಡಿದವರಿಗೆ ಅದೇ ಬಾವಿಯಿಂದ ನೀರು ಸೇದುವ ಅಧಿಕಾರವಿರಲಿಲ್ಲ. ಕೊರಗರ ಕೊಪ್ಪಗಳೂ ದಲಿತರ ಗುಡಿಸಲುಗಳೂ ಊರಿನ ಅಂಚಿನಲ್ಲೇ ಉಳಿದಿದ್ದವು. ಪ್ರಕೃತಿಯೊಡನೆ ಸಾಮರಸ್ಯವಿದ್ದ ಊರಿನಲ್ಲಿ ಮನುಷ್ಯ ಮನುಷ್ಯರ ನಡುವೆ ನ್ಯಾಯ ತಾನಾಗಿಯೇ ನೆಲೆಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನಕಾಶೆಯ ಗೆರೆ, ನದಿಯ ಗೆರೆ

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡ ಬಳಿಕ ಕೊಡಗಿನ ಅರಸರ ಅಧೀನದಲ್ಲಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಸಲ್ಲಿಸಬೇಕೆಂದಾಯಿತು. ವ್ಯಾಪಾರವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಕಂತಿನ ದಿನ ಸಮೀಪಿಸಿದಾಗ ಎಲ್ಲ ರೈತರೂ ಒಮ್ಮೆಗೇ ಧಾನ್ಯ ಮಾರಹೊರಟರೆ ಧಾರಣೆ ಕುಸಿಯುತ್ತದೆ, ಸಾಲ ಏರುತ್ತದೆ. 1837ರಲ್ಲಿ ಈ ಅಸಮಾಧಾನ ಸಿಡಿದೆದ್ದಿತು. ಬೆಳ್ಳಾರೆಯ ಖಜಾನೆ ದಂಗೆಕೋರರ ವಶವಾಯಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು ಪುತ್ತೂರಿನ ಮಾರ್ಗವಾಗಿ ಸಾಗಿ ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ಹಿಡಿದು, ಎರಡು ವಾರಕ್ಕೆ ಸಮೀಪ ಅಲ್ಲಿ ನಿಂತಿತು. ದಂಗೆಯನ್ನು ಅಡಗಿಸಿದ ಮೇಲೆ ಗಲ್ಲಿಗೇರಿಸಲ್ಪಟ್ಟವರಲ್ಲಿ ನಂದಾವರದ ಜೈನ ಅರಸು ಮನೆತನದ ಲಕ್ಷ್ಮಪ್ಪ ಬಂಗರಸರೂ ಒಬ್ಬರು. ನೆಲದಲ್ಲಿ ಬದುಕುವವರನ್ನು ಕೇಳದೆ ಎಳೆದ ಗೆರೆಯೂ ಹೇರಿದ ಲೆಕ್ಕವೂ ಎಂತಹ ಅನರ್ಥಕ್ಕೆ ಕಾರಣವಾಗುತ್ತವೆಂಬುದನ್ನು ಈ ಘಟನೆ ತೋರಿಸುತ್ತದೆ.

ಮನುಷ್ಯರಂತೆ ನದಿಯೂ ತನ್ನ ಎಡೆಯನ್ನು ಕೇಳುತ್ತದೆ. ಕುಮಾರಧಾರೆಯು ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯು ಒಂದು ಕಾಲಕ್ಕೆ ತಾಲೂಕಿಗೇ ಹೆಸರು ಕೊಟ್ಟಿದ್ದ ವ್ಯಾಪಾರದ ಪೇಟೆ. 1923ರ ಮಹಾಪ್ರವಾಹದಲ್ಲಿ ನೇತ್ರಾವತಿಯ ದಡದ ಪೇಟೆಗಳು ಅಪಾರ ಹಾನಿಗೊಳಗಾದವು. 1974ರಲ್ಲಿ ನೆರೆ ಮತ್ತೆ ಬಂದಿತು. ನದಿಯ ದಡದಲ್ಲಿ ವ್ಯಾಪಾರ ಬೆಳೆಯುವುದು ಸಹಜ. ನದಿ ಹಿಗ್ಗುವ ಜಾಗದಲ್ಲಿಯೇ ಉಗ್ರಾಣ ಕಟ್ಟಿದರೆ ನಷ್ಟವೂ ಸಹಜ.

ಊರು ಕಟ್ಟುವವರ ಆಲೋಚನೆಗಳು

ಮೂಲತಃ ಜೀವವಿಜ್ಞಾನಿಯಾಗಿದ್ದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತದ ಅನೇಕ ಪಟ್ಟಣಗಳ ಬಗ್ಗೆ ವರದಿಗಳನ್ನು ಬರೆದರು. ಅವುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಆಗ ದಕ್ಷಿಣ ಕನ್ನಡವೂ ಅದೇ ಪ್ರಾಂತಕ್ಕೆ ಸೇರಿತ್ತು. ಹಳೆಯ ಕೇರಿಗಳನ್ನು ನೆಲಸಮ ಮಾಡಿ ಅಗಲವಾದ ನೇರ ಬೀದಿಗಳನ್ನು ತೆಗೆಯುವುದೇ ಸುಧಾರಣೆಯೆಂದು ಇಂಜಿನಿಯರುಗಳು ನಂಬಿದ್ದ ಕಾಲದಲ್ಲಿ ಗೆಡ್ಡೆಸ್ ಅದನ್ನು ವಿರೋಧಿಸಿದರು. ಕುಶಲ ಶಸ್ತ್ರವೈದ್ಯನಂತೆ, ಕೆಡವಲೇಬೇಕಾದ ಕೆಲವೇ ಮನೆಗಳನ್ನು ಕೆಡವಿ ಉಳಿದವನ್ನು ಉಳಿಸಬೇಕೆಂಬುದು ಅವರ ಮತ. ಸೊಳ್ಳೆಯ ನೆಪದಲ್ಲಿ ಕೆರೆಗಳನ್ನು ಮುಚ್ಚಬಾರದು, ಅವು ಊರನ್ನು ತಂಪಾಗಿಡುತ್ತವೆ, ಮಳೆಯ ಹೆಚ್ಚಳವನ್ನು ನುಂಗುತ್ತವೆ, ಅವನ್ನು ಶುಚಿಯಾಗಿಟ್ಟುಕೊಂಡರೆ ಸಾಕೆಂದು ಅವರು ವಾದಿಸಿದರು. 1920ರಲ್ಲಿ ಮದರಾಸು ನಗರ ಯೋಜನಾ ಕಾಯಿದೆ ಬಂದಿತು.

ಮುಂದೆ 1968ರಲ್ಲಿ ಫ್ರಾನ್ಸಿನ ಆನ್ರಿ ಲೆಫೆವ್ರ್ ನಗರದ ಮೇಲೆ ಅದರಲ್ಲಿ ಬಾಳುವವರೆಲ್ಲರಿಗೂ ಹಕ್ಕಿದೆಯೆಂದು ಪ್ರತಿಪಾದಿಸಿದರು. ಮಣ್ಣು, ಇಳಿಜಾರು, ನೀರಿನ ಹರಿವುಗಳ ನಕಾಶೆಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಎಲ್ಲಿ ಕಟ್ಟಬಾರದೆಂಬುದನ್ನು ಮೊದಲು ನಿಶ್ಚಯಿಸಬೇಕೆಂದು 1969ರಲ್ಲಿ ಇಯಾನ್ ಮೆಕ್‌ಹಾರ್ಗ್ ತಿಳಿಸಿದರು. 1973ರಲ್ಲಿ ಡೇವಿಡ್ ಹಾರ್ವೆ ನಗರ ಮತ್ತು ಸಾಮಾಜಿಕ ನ್ಯಾಯದ ಸಂಬಂಧವನ್ನು ವಿಚಾರಿಸುತ್ತ, ರಸ್ತೆ, ಶಾಲೆಗಳು ಯಾರ ಹತ್ತಿರ ಬರುತ್ತವೆ, ಹೊಗೆ, ಕೊಳಚೆಗಳು ಯಾರ ಹತ್ತಿರ ಹೋಗುತ್ತವೆ ಎಂಬುದರ ಮೇಲೆಯೇ ಜನರ ನಿಜವಾದ ವರಮಾನ ನಿಂತಿದೆಯೆಂದು ತೋರಿಸಿದರು. ಬೈಲು, ಮಜಲು, ಬೆಟ್ಟುಗಳನ್ನು ಬಲ್ಲ ರೈತನಿಗೆ ಮೆಕ್‌ಹಾರ್ಗರ ಮಾತು ಹೊಸದಲ್ಲ. ಹಾರ್ವೆಯ ಮಾತು ಕೊಪ್ಪದ ಕೊರಗನಿಗೆ ಹೊಸದಲ್ಲ.

ಅಶ್ವತ್ಥದ ಕಟ್ಟೆ, ಕಾಯಿದೆಯ ಕಾಲ

1934ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧೀಜಿ ಅಸ್ಪೃಶ್ಯತಾ ನಿವಾರಣೆಯ ಯಾತ್ರೆಯಲ್ಲಿ ಕೊಡಗಿನಿಂದ ಇಳಿದು ಪುತ್ತೂರಿಗೆ ಬಂದರು. ಆ ಭೇಟಿಯ ಸ್ಮರಣೆಯಾಗಿ ಬಸ್ ನಿಲ್ದಾಣದ ಬಳಿಯ ಅಶ್ವತ್ಥದ ಕಟ್ಟೆಯು ಗಾಂಧಿಕಟ್ಟೆಯೆಂದು ಹೆಸರಾಯಿತು. ಊರಿನ ನಡುವೆ ಯಾರು ಬೇಕಾದರೂ ಕುಳಿತುಕೊಳ್ಳಬಹುದಾದ ಒಂದು ಮರದ ನೆರಳು ಎಷ್ಟು ದೊಡ್ಡ ಸಾರ್ವಜನಿಕ ಸಂಪತ್ತೆಂಬುದನ್ನು ಪೇಟೆ ಬೆಳೆದಂತೆಲ್ಲ ಹೆಚ್ಚು ಹೆಚ್ಚಾಗಿ ಮನಗಾಣಬೇಕಾಗಿದೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯು ಜೈನ ಸಮಾಜದ ಮೇಲೆ ಬೀರಿದ ಪರಿಣಾಮ ಎಲ್ಲರಿಗೂ ತಿಳಿದದ್ದೇ. ಗೇಣಿಗೆ ಕೊಟ್ಟಿದ್ದ ಭೂಮಿ ಗುತ್ತು ಬೀಡುಗಳ ಕೈತಪ್ಪಿತು. ಬಸದಿಗಳ ಉಂಬಳಿಯ ಗದ್ದೆಗಳು ಹೋಗಿ ತಸ್ತೀಕು ಉಳಿಯಿತು. ನಿತ್ಯಪೂಜೆಗೂ ಕಷ್ಟವಾದ ಬಸದಿಗಳಿದ್ದವು. ಸಣ್ಣ ಹಿಡುವಳಿಯ ವಿಧವೆಯರೂ ಭೂಮಿ ಕಳೆದುಕೊಂಡರು. ಆ ನೋವು ಸುಳ್ಳಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಪರಿಗ್ರಹ ಪರಿಮಾಣವೆಂಬ ಅಣುವ್ರತವು ಶ್ರಾವಕನು ಹೊಲ, ಮನೆ, ಧನ, ಧಾನ್ಯಗಳಿಗೆ ತಾನಾಗಿಯೇ ಮಿತಿ ಹಾಕಿಕೊಳ್ಳಬೇಕೆಂದು ಶತಮಾನಗಳಿಂದ ವಿಧಿಸುತ್ತಲೇ ಬಂದಿತ್ತು. ವ್ರತವಾಗಿ ಬಿಟ್ಟಿದ್ದರೆ ಪುಣ್ಯವಾಗುತ್ತಿದ್ದುದು ಕಾಯಿದೆಯಾಗಿ ಬಂದು ವ್ಯಥೆಯಾಯಿತು. ಪಡುಮಲೆಯ ಬೀಡಿನಲ್ಲಿ ನಿರಾಕರಿಸಿದ ಪಾಲು ಬಹುಕಾಲದ ಮೇಲೆ ಬೇರೆ ಬಾಗಿಲಿನಿಂದ ಸಂದಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಹಂಚಿಹೋದ ಬತ್ತದ ಗದ್ದೆಗಳು ಅಡಿಕೆ ತೋಟಗಳಾದವು. ಪೇಟೆಯ ಸಮೀಪದವು ಮಣ್ಣು ತುಂಬಿಸಿಕೊಂಡು ಮನೆ ನಿವೇಶನಗಳಾಗುತ್ತಿವೆ. ಬೈಲಿಗೆ ಮಣ್ಣು ಬಿದ್ದರೆ ತೋಡಿನ ನೀರು ರಸ್ತೆಗೆ ಬರುತ್ತದೆ. ಬೆಟ್ಟಿನ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ. ಅದರ ಕಷ್ಟ ಮೊದಲು ತಟ್ಟುವುದು ಕೊಳವೆ ಬಾವಿ ಕೊರೆಸಲಾರದ ಬಡವನಿಗೆ. ನ್ಯಾಯವಿಲ್ಲದ ಪ್ರಕೃತಿರಕ್ಷಣೆ ಹಿಂದಿನವರ ದೋಷವಾದರೆ, ಪ್ರಕೃತಿಯ ಪರಿವೆಯಿಲ್ಲದ ಹಂಚಿಕೆ ಇಂದಿನವರ ದೋಷ.

ಶ್ರಾವಕಾಚಾರದ ಮಾರ್ಗ

ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳಲ್ಲಿ ಏಕೇಂದ್ರಿಯ ಜೀವಗಳನ್ನು ಕಂಡ ಧರ್ಮವು ಊರು ಕಟ್ಟುವವರಿಗೆ ಬೇಕಾದ ನಿಯಮಗಳನ್ನು ಎಂದೋ ಹೇಳಿದೆ. ದಿಗ್ವ್ರತವು ಮನುಷ್ಯನ ವ್ಯವಹಾರದ ವಿಸ್ತಾರಕ್ಕೆ ದಿಕ್ಕು ದಿಕ್ಕಿಗೂ ಮಿತಿಯನ್ನು ಹಾಕುತ್ತದೆ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡಮರ ಕಡಿಯುವುದನ್ನೂ ಅನರ್ಥದಂಡದಲ್ಲಿ ಸೇರಿಸಿದೆ. ಆಶಾಧರರ ಸಾಗಾರಧರ್ಮಾಮೃತದಲ್ಲಿ ಹೆಸರಿಸಿರುವ ಹದಿನೈದು ಖರಕರ್ಮಗಳಲ್ಲಿ ಕಾಡಿಗೆ ಬೆಂಕಿಯಿಡುವುದೂ ಇದೆ, ಕೆರೆಯ ನೀರನ್ನು ಬತ್ತಿಸುವುದೂ ಇದೆ. ಕೆರೆಯನ್ನು ಬರಿದುಮಾಡಿ ಪಡೆದ ಲಾಭವು ಶ್ರಾವಕನಿಗೆ ಹೇಳಿದ ವ್ಯಾಪಾರವಲ್ಲ ಎಂಬುದು ಇದರಿಂದ ಸ್ಪಷ್ಟ.

ಸುಳ್ಯವು ಹಿಂದೆ ಪುತ್ತೂರು ತಾಲೂಕಿನಿಂದ ಬೇರ್ಪಟ್ಟಿತು. ಈಚಿನ ವರ್ಷಗಳಲ್ಲಿ ಕಡಬವೂ ಪ್ರತ್ಯೇಕ ತಾಲೂಕಾಗಿದೆ. ತಾಲೂಕು ಕೇಂದ್ರವಾದ ಮೇಲೆ ಕಚೇರಿ, ರಸ್ತೆ, ಅಂಗಡಿಸಾಲು, ಬಡಾವಣೆಗಳು ಬರುವುದು ಅನಿವಾರ್ಯ. ಅವು ಎಲ್ಲಿ ಬರಬೇಕೆಂಬುದು ಅನಿವಾರ್ಯವಲ್ಲ, ಅದು ಆಯ್ಕೆಯ ವಿಷಯ. ಸುಳ್ಯದ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಕಡಬ ಸೀಮೆಯ ಕುಮಾರಧಾರೆ ನೇತ್ರಾವತಿಯಲ್ಲಿ ಬೆರೆತು ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ಮನೆಮನೆಗೆ ಕುಡಿಯುವ ನೀರಾಗುತ್ತದೆ. ಇಲ್ಲಿಯ ಜನ ಮಾಡುವ ಆಯ್ಕೆಯ ಫಲವನ್ನು ಅಲ್ಲಿಯ ಜನ ಉಣ್ಣುತ್ತಾರೆ.

ಬಸದಿಗಳ ವಿಶ್ವಸ್ತ ಮಂಡಳಿಗಳ ಬಳಿ ಇನ್ನೂ ಸ್ವಲ್ಪ ನೆಲ, ಕೆರೆ, ಬನಗಳು ಉಳಿದಿವೆ. ಕೆರೆಯ ಹೂಳೆತ್ತಿಸುವುದು, ತೋಡಿನ ಪಕ್ಕದ ಬೈಲನ್ನು ನಿವೇಶನಕ್ಕೆ ಮಾರದಿರುವುದು, ಛತ್ರದ ಅಂಗಳದಲ್ಲಿ ಮರದ ನೆರಳನ್ನೂ ಕುಡಿಯುವ ನೀರನ್ನೂ ಹೊರೆ ಹೊತ್ತು ಬಂದವರಿಗೆ ಜಾತಿ ಕೇಳದೆ ಒದಗಿಸುವುದು, ಬಸದಿಯ ಆಸ್ತಿಯ ಲೆಕ್ಕದಲ್ಲಿ ಬಾಡಿಗೆಯ ಜೊತೆಗೆ ಬಾವಿಯ ನೀರಿನ ಮಟ್ಟವನ್ನೂ ವರ್ಷ ವರ್ಷ ಬರೆದಿಡುವುದು ಇವು ಯಾವ ಟ್ರಸ್ಟಿನ ಶಕ್ತಿಗೂ ಮೀರಿದವಲ್ಲ. ದೇಯಿ ಬೈದೆತಿಯ ಮಕ್ಕಳು ಕೇಳಿದ್ದು ಬೀಡನ್ನಲ್ಲ, ತಮಗೆ ಸಲ್ಲಬೇಕಾದ ಎಡೆಯನ್ನು ಮಾತ್ರ. ಆಕಾಶ ದ್ರವ್ಯವು ಕೇಳದೆಯೇ ಕೊಡುವ ಅಷ್ಟನ್ನು, ಕೇಳಿದಾಗಲಾದರೂ ಕೊಡುವ ಮನಸ್ಸು ಶ್ರಾವಕ ಸಮಾಜಕ್ಕೆ ಇರಲಿ.