ಗಡಿರೇಖೆ ಮತ್ತು ಬೊಕ್ಕಸ: ಸ್ಯಾನ್ ಆಂಟೋನಿಯೊದ ಎರಡು ಶಾಲಾ ಜಿಲ್ಲೆಗಳು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 'ಸ್ವತಂತ್ರ ಶಾಲಾ ಜಿಲ್ಲೆ' ಎಂದು ಕರೆಯಲಾಗುವ ಘಟಕವು ಕನ್ನಡಿಗರಿಗೆ ಪರಿಚಿತವಾದ ಜಿಲ್ಲೆಯಲ್ಲ. ಅದು ಕಂದಾಯ ಆಡಳಿತದ ವಿಭಾಗವೂ ಅಲ್ಲ, ಶಿಕ್ಷಣ ಇಲಾಖೆಯ ಅಧೀನ ಕಚೇರಿಯೂ ಅಲ್ಲ. ತನ್ನದೇ ಚುನಾಯಿತ ಮಂಡಳಿಯಿರುವ ಈ ಸಂಸ್ಥೆಗೆ ತನ್ನ ಗಡಿಯೊಳಗಿನ ಮನೆ, ಮಳಿಗೆ, ಕಾರ್ಖಾನೆಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವುಂಟು. ಸರ್ಕಾರಿ ಶಾಲೆಯ ಶಿಕ್ಷಕರ ವೇತನ ರಾಜ್ಯದ ಬೊಕ್ಕಸದಿಂದಲೇ ಬರುವ ಕರ್ನಾಟಕದ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ವ್ಯವಸ್ಥೆಯ ಮರ್ಮ ತಿಳಿಯದು. ಅಲ್ಲಿ ಶಾಲೆಯ ಗಡಿಯೇ ಬೊಕ್ಕಸದ ಗಡಿ.

ಇದರ ಪರಿಣಾಮವನ್ನು ಸ್ಯಾನ್ ಆಂಟೋನಿಯೊ ನಗರದ ಎರಡು ಶಾಲಾ ಜಿಲ್ಲೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ನಗರದ ಉತ್ತರಕ್ಕೆ 1922ರಲ್ಲಿ ಪ್ರತ್ಯೇಕ ಪುರಸಭೆಯಾಗಿ ರೂಪುಗೊಂಡ ಅಲಾಮೊ ಹೈಟ್ಸ್ ಸಿರಿವಂತರ ಉಪನಗರ. ಆ ಹೆಸರಿನ ಶಾಲಾ ಜಿಲ್ಲೆಯಲ್ಲಿ 1960ರ ದಶಕದ ಉತ್ತರಾರ್ಧದಲ್ಲಿ ಆರು ಶಾಲೆಗಳೂ ಸುಮಾರು 5,000 ವಿದ್ಯಾರ್ಥಿಗಳೂ ಇದ್ದರು. ಪಶ್ಚಿಮ ಭಾಗದ ಎಜ್‌ವುಡ್ ಜಿಲ್ಲೆಯಲ್ಲಿ 25 ಶಾಲೆಗಳು, ಸುಮಾರು 22,000 ಮಕ್ಕಳು, ಅವರಲ್ಲಿ ಶೇ. 90ರಷ್ಟು ಮೆಕ್ಸಿಕನ್ ಮೂಲದವರು. ಅಲ್ಲಿ ತೆರಿಗೆ ತರುವಂಥ ವ್ಯಾಪಾರ ಕಟ್ಟಡಗಳಾಗಲಿ ಕಾರ್ಖಾನೆಗಳಾಗಲಿ ಹೆಚ್ಚಿಗೆ ಇರಲಿಲ್ಲ.

1967–68ರ ಲೆಕ್ಕ ಹೀಗಿದೆ. ಎಜ್‌ವುಡ್‌ನಲ್ಲಿ ವಿದ್ಯಾರ್ಥಿಯೊಬ್ಬನಿಗೆ ತಲಾ ಬೀಳುತ್ತಿದ್ದ ಆಸ್ತಿಯ ಮೌಲ್ಯ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಹೆಚ್ಚು. ಎಜ್‌ವುಡ್‌ನ ಜನ 100 ಡಾಲರ್ ಮೌಲ್ಯಕ್ಕೆ 1.05 ಡಾಲರಿನಂತೆ, ಆ ಮಹಾನಗರ ಪ್ರದೇಶದಲ್ಲೇ ಅತ್ಯಧಿಕವಾದ ತೆರಿಗೆ ತೆರುತ್ತಿದ್ದರು. ರಾಜ್ಯದ ಕನಿಷ್ಠ ಯೋಜನೆಗೆ ಸಲ್ಲಬೇಕಾದ ಪಾಲನ್ನು ಕಳೆದರೆ ಅದರಿಂದ ತಲಾ ಉಳಿಯುತ್ತಿದ್ದುದು 26 ಡಾಲರ್. ಅಲಾಮೊ ಹೈಟ್ಸ್‌ನವರು 0.85 ಡಾಲರಿನ ದರದಲ್ಲೇ 333 ಡಾಲರ್ ಪಡೆಯುತ್ತಿದ್ದರು. ಈ ಅಂತರವನ್ನು ತಗ್ಗಿಸಬೇಕಿದ್ದ ರಾಜ್ಯದ ನೆರವು ಎಜ್‌ವುಡ್‌ಗೆ 222 ಡಾಲರ್, ಅಲಾಮೊ ಹೈಟ್ಸ್‌ಗೆ 225 ಡಾಲರ್! ಶಿಕ್ಷಕರ ಅರ್ಹತೆ ಹಾಗೂ ಅನುಭವಗಳನ್ನು ಆಧರಿಸಿ ವೇತನದ ಹಣ ಕೊಡುತ್ತಿದ್ದ ಸೂತ್ರವು ಅಂಥ ಶಿಕ್ಷಕರನ್ನು ಮೊದಲೇ ಸೆಳೆದುಕೊಂಡಿದ್ದವರಿಗೇ ಒಲಿಯುತ್ತಿತ್ತು. ಒಕ್ಕೂಟ ಸರ್ಕಾರದ ಹಣವನ್ನೂ ಸೇರಿಸಿದರೆ ತಲಾ ವೆಚ್ಚ ಕ್ರಮವಾಗಿ 356 ಮತ್ತು 594 ಡಾಲರ್.

1968ರ ಮೇ 16ರಂದು ಎಜ್‌ವುಡ್ ಪ್ರೌಢಶಾಲೆಯ ನೂರಾರು ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರನಡೆದರು. ಹಾಳುಬಿದ್ದ ಕಟ್ಟಡ, ಅರ್ಹ ಶಿಕ್ಷಕರ ಕೊರತೆ ಅವರ ದೂರುಗಳಾಗಿದ್ದವು. ಅದೇ ವರ್ಷ ಡೆಮೆಟ್ರಿಯೊ ರಾಡ್ರಿಗಸ್ ಮತ್ತಿತರ ಪೋಷಕರು ದಾವೆ ಹೂಡಿದರು. ರಾಡ್ರಿಗಸ್ ಕೆಲಿ ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸಗಾರ. ವಕೀಲ ಆರ್ಥರ್ ಗಾಕ್‌ಮನ್. ಆರಂಭದಲ್ಲಿ ಪ್ರತಿವಾದಿಯಾಗಿದ್ದ ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆಯು ಮುಂದೆ ವಾದಿಗಳ ಪರವಾಗಿಯೇ ಮನವಿ ಸಲ್ಲಿಸಿತು. ಹಾಗಿದ್ದೂ ಮೊಕದ್ದಮೆ ಇಂದಿಗೂ 'ಸ್ಯಾನ್ ಆಂಟೋನಿಯೊ ವಿರುದ್ಧ ರಾಡ್ರಿಗಸ್' ಎಂಬರ್ಥದ ಹೆಸರಿನಿಂದಲೇ ಪ್ರಸಿದ್ಧವಾಗಿರುವುದು ವಿಪರ್ಯಾಸ.

1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಒಕ್ಕೂಟ ಪೀಠವು ಪೋಷಕರ ಪರ ತೀರ್ಪಿತ್ತಿತು. 1973ರ ಮಾರ್ಚ್ 21ರಂದು ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ಬರೆದ ಲೂಯಿಸ್ ಪೊವೆಲ್ ಹಿಂದೆ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಶಿಕ್ಷಣವು ಒಕ್ಕೂಟ ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕಲ್ಲ. ಶಾಲೆಗಳ ಮೇಲಿನ ಸ್ಥಳೀಯ ಹತೋಟಿಯನ್ನು ಉಳಿಸುವುದು ನ್ಯಾಯಸಮ್ಮತ ಉದ್ದೇಶ ಎಂಬುದು ಅವರ ನಿಲುವು.

ಈ ವಾದದ ದುರ್ಬಲ ಎಳೆಯನ್ನು ಹಿಡಿದವರು ಭಿನ್ನಮತ ಬರೆದ ಬೈರನ್ ವೈಟ್. ಕೌಂಟಿಯಲ್ಲಿ ಬೇರೆಡೆಯ ಗರಿಷ್ಠ ಉತ್ಪತ್ತಿಯನ್ನು ಸರಿಗಟ್ಟಲು ಅಲಾಮೊ ಹೈಟ್ಸ್‌ಗೆ 68 ಸೆಂಟ್ ದರ ಸಾಕು, ಎಜ್‌ವುಡ್‌ಗೆ 5.76 ಡಾಲರ್ ಬೇಕು. ಆದರೆ ನಿರ್ವಹಣಾ ತೆರಿಗೆಗೆ ರಾಜ್ಯದ ಕಾನೂನು ವಿಧಿಸಿದ್ದ ಮಿತಿಯೇ 1.50 ಡಾಲರ್. ಅಂದರೆ ಸ್ಥಳೀಯ ಹತೋಟಿ ಎಂಬುದು ಎಜ್‌ವುಡ್‌ನ ಪಾಲಿಗೆ ಕಾನೂನೇ ನಿಷೇಧಿಸಿದ ಸ್ವಾತಂತ್ರ್ಯವಾಗಿತ್ತು. ಬಹುಮತದ ತೀರ್ಪಿನಲ್ಲಿ ಈ ಲೆಕ್ಕಕ್ಕೆ ಸಮರ್ಪಕ ಉತ್ತರ ದೊರೆಯುವುದಿಲ್ಲ. ತರ್ಗುಡ್ ಮಾರ್ಷಲ್ ತಮ್ಮ ಸುದೀರ್ಘ ಭಿನ್ನಮತದ ಅಡಿಟಿಪ್ಪಣಿಯೊಂದರಲ್ಲಿ ರಾಜ್ಯ ಸಂವಿಧಾನಗಳ ದಾರಿ ಇನ್ನೂ ತೆರೆದಿದೆಯೆಂದು ಸೂಚಿಸಿದರು.

ಎಜ್‌ವುಡ್ ಹಿಡಿದದ್ದು ಅದೇ ದಾರಿ. ಅದು 1984ರಲ್ಲಿ ಹೂಡಿದ ಹೊಸ ದಾವೆಯಲ್ಲಿ 1989ರ ಅಕ್ಟೋಬರ್ 2ರಂದು ಟೆಕ್ಸಸ್‌ನ ಸರ್ವೋಚ್ಚ ನ್ಯಾಯಾಲಯವು ಒಮ್ಮತದ ತೀರ್ಪು ನೀಡಿತು. ಸಾರ್ವಜನಿಕ ಶಾಲೆಗಳ ವ್ಯವಸ್ಥೆ 'ದಕ್ಷ'ವಾಗಿರಬೇಕೆಂಬ ರಾಜ್ಯ ಸಂವಿಧಾನದ ವಿಧಿಯನ್ನು ಆಗಿನ ಪದ್ಧತಿ ಉಲ್ಲಂಘಿಸುತ್ತದೆ ಎಂದಿತು. ಆ ಹೊತ್ತಿಗೆ ರಾಜ್ಯದ ಅತಿ ಶ್ರೀಮಂತ ಹಾಗೂ ಅತಿ ಬಡ ಜಿಲ್ಲೆಗಳ ತಲಾ ಆಸ್ತಿಯ ಅನುಪಾತ 700ಕ್ಕೆ 1 ಆಗಿತ್ತು. ಹಲವು ಮಸೂದೆಗಳು ಬಿದ್ದುಹೋದ ಬಳಿಕ 1993ರಲ್ಲಿ ಬಂದ ಕಾನೂನು, ತಲಾ 2,80,000 ಡಾಲರಿಗಿಂತ ಹೆಚ್ಚಿನ ಆಸ್ತಿಯುಳ್ಳ ಜಿಲ್ಲೆಗಳು ಹೆಚ್ಚುವರಿಯನ್ನು ಹಂಚಿಕೊಳ್ಳಬೇಕೆಂದು ವಿಧಿಸಿತು. ಜನರ ಬಾಯಲ್ಲಿ ಅದಕ್ಕೆ 'ರಾಬಿನ್ ಹುಡ್' ಎಂಬ ಹೆಸರು ಬಿತ್ತು. 1995ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಣ ಬಿಟ್ಟುಕೊಡಬೇಕಾದ ಜಿಲ್ಲೆಗಳ ಸಾಲಿನಲ್ಲಿ ಅಲಾಮೊ ಹೈಟ್ಸ್ ಕೂಡ ಸೇರಿತು.

ರಾಡ್ರಿಗಸ್ 2013ರಲ್ಲಿ ನಿಧನರಾದರು. ಅವರು ದಾವೆ ಹೂಡಿದಾಗ ಶಾಲೆಯಲ್ಲಿದ್ದ ಮಕ್ಕಳು, 1993ರ ಕಾನೂನು ಬರುವ ಎಷ್ಟೋ ಮೊದಲೇ ಶಾಲೆಯ ವಯಸ್ಸನ್ನು ದಾಟಿದ್ದರು. ಆ ಕಾನೂನು ಹಣವನ್ನು ಗಡಿಯಾಚೆಗೆ ಸಾಗಿಸಿತೇ ಹೊರತು ಎರಡು ಜಿಲ್ಲೆಗಳನ್ನು ಒಂದುಗೂಡಿಸಲಿಲ್ಲ.