ನಿದ್ದೆ ಮಾತ್ರೆಯಾಗಿ ಬಂದ ಫಿಟ್ಸ್ ಮಾತ್ರೆ

ಫಿಟ್ಸ್ ಬಂದವರ ಕೈಗೆ ಬೀಗದ ಕೀ ಗೊಂಚಲು ತುರುಕೋದನ್ನ ನಮ್ಮೂರುಗಳಲ್ಲಿ ನಾವೆಲ್ಲ ನೋಡಿದವರೇ. ಕಬ್ಬಿಣದಿಂದ ಏನೂ ಆಗಲ್ಲ. ಕೆಲಸ ಮಾಡಿದ ಒಂದು ಅಗ್ಗದ ಮಾತ್ರೆಯ ಕಥೆ ಇವತ್ತು ಹೇಳ್ತೀನಿ.

ಅದಕ್ಕೂ ಮೊದಲು ಇದ್ದದ್ದು ಬ್ರೋಮೈಡ್. 1857ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಅದನ್ನು ಪ್ರಸ್ತಾಪಿಸಿದವರು ಚಾರ್ಲ್ಸ್ ಲೋಕಾಕ್, ವಿಕ್ಟೋರಿಯಾ ರಾಣಿಯ ಹೆರಿಗೆ ಡಾಕ್ಟರು. ಫಿಟ್ಸ್ ಕಡಿಮೆಯಾಗ್ತಿತ್ತು, ಆದರೆ ಮುಖದ ತುಂಬ ಗುಳ್ಳೆ, ತಲೆಗೆ ಮಂಕು.

1912. ಜರ್ಮನಿಯ ಫ್ರೈಬುರ್ಗ್. ಆಲ್ಫ್ರೆಡ್ ಹೌಪ್ಟ್‌ಮನ್ ಅನ್ನೋ ಯುವ ಡಾಕ್ಟರ ಕೋಣೆ ವಾರ್ಡಿನ ಪಕ್ಕದಲ್ಲೇ ಇತ್ತಂತೆ. ರಾತ್ರಿಯಿಡೀ ರೋಗಿಗಳ ಫಿಟ್ಸು, ಇವರಿಗೆ ನಿದ್ದೆ ಇಲ್ಲ. ಬೇಯರ್ ಕಂಪನಿ ಆಗಷ್ಟೇ ತಂದಿದ್ದ ಲ್ಯೂಮಿನಲ್ ಎಂಬ ನಿದ್ದೆ ಮಾತ್ರೆಯನ್ನ ರೋಗಿಗಳಿಗೆ ಕೊಟ್ಟರು. ರಾತ್ರಿ ಶಾಂತವಾಯ್ತು ಸರಿ, ಹಗಲಿನ ಫಿಟ್ಸೂ ಕಡಿಮೆಯಾಗಿದ್ದನ್ನ ಗಮನಿಸಿದರು ನೋಡಿ, ಅದು ದೊಡ್ಡ ವಿಷಯ. ಅದೇ ಫಿನೋಬಾರ್ಬಿಟಲ್. ನಮ್ಮಲ್ಲಿ ಗಾರ್ಡಿನಾಲ್ ಅಂದರೆ ಹಳಬರಿಗೆ ಗೊತ್ತು. ಹೌಪ್ಟ್‌ಮನ್ ಯಹೂದಿ. 1938ರಲ್ಲಿ ನಾಜಿಗಳು ಅವರನ್ನ ಡಾಕೌ ಕ್ಯಾಂಪಿಗೆ ಹಾಕಿದರು. ಬಿಡುಗಡೆಯಾಗಿ ದೇಶ ಬಿಟ್ಟರು, 1948ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡರು.

ಅದೇ 1938ರಲ್ಲಿ, ಅದೇ ಬಾಸ್ಟನ್ನಿನಲ್ಲಿ, ಮೆರಿಟ್ ಮತ್ತು ಪುಟ್ನಮ್ ಬೆಕ್ಕುಗಳ ಮೇಲೆ ಪರೀಕ್ಷಿಸಿದ ಫೆನಿಟಾಯಿನ್ ಬಗ್ಗೆ ಪ್ರಕಟಿಸಿದರು. ನಿದ್ದೆಯ ಮಂಪರು ಇಲ್ಲದೆಯೂ ಫಿಟ್ಸ್ ತಡೀಬಹುದು ಅಂತ ಗೊತ್ತಾದದ್ದು ಆಗ. ಎಪ್ಟಾಯಿನ್ ಅಂದರೆ ಇದೇ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ನ್ಯೂರಾಲಜಿಸ್ಟ್ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಕಡೆಯ ಯಳಂದೂರಿನ ಹಳ್ಳಿಗಳಲ್ಲಿ ಈ ಎರಡೇ ಹಳೇ ಮಾತ್ರೆ ಇಟ್ಕೊಂಡು ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟರು. 2001ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. ದುಬಾರಿ ಔಷಧ ಇಲ್ಲದೆ ಹಳ್ಳಿಯಲ್ಲೇ ಫಿಟ್ಸ್ ಹತೋಟಿಗೆ ಬರುತ್ತೆ, ಬೇಗ ಶುರುಮಾಡಿದಷ್ಟೂ ಒಳ್ಳೇದು ಅಂತ ತೋರಿಸಿದ ಕೆಲಸ ಅದು. ನನ್ನ ಪ್ರಕಾರ ನಮ್ಮ ಶಾಲೆ ಪುಸ್ತಕದಲ್ಲಿ ಇರಬೇಕಿತ್ತು.

ಮಾತ್ರೆ ಸಿಕ್ಕರೂ ಮುಚ್ಚಿಡೋದು ಮಾತ್ರ ಹೋಗಲಿಲ್ಲ. ಪುಣೆಯ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಎಪ್ಟಾಯಿನ್‌ನ ವಿಟಮಿನ್ ಡಬ್ಬಿಯಲ್ಲಿ ಹಾಕಿಡ್ತಿದ್ದ. ಮನೇಲಿ ಹೆಣ್ಣು ನೋಡ್ತಿದ್ದರು. ನೈಟ್ ಶಿಫ್ಟಿನ ಗಡಿಬಿಡೀಲಿ ಎರಡು ದಿನ ತಪ್ಪಿಸಿದ, ಮೂರನೇ ದಿನ ಆಫೀಸ್ ಕ್ಯಾಬಿನಲ್ಲೇ ಬಿದ್ದ. ಈ ಮಾತ್ರೆಗಳನ್ನ ದಿಢೀರಂತ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ವಾಪಸ್ ಬರಬಹುದು. ಅಂದಹಾಗೆ, ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಲ್ಲಿದ್ದ ಮೂರ್ಛೆರೋಗದ ಮಾತನ್ನ 1999ರಲ್ಲೇ ತೆಗೆದಿದ್ದಾರೆ. ಇವನ ಡಬ್ಬಿ ನಾನು ನೋಡಿದ್ದು 2012ರಲ್ಲಿ.