ಮಂಜೂರಾಗಿದೆ, ಶುಲ್ಕ ಕಟ್ಟಿ: ಗೃಹೋದ್ಯೋಗ ಹುಡುಕುವವರಿಗೆ ಸರ್ಕಾರದ ಹೆಸರಲ್ಲಿ ಮೋಸ

ಹೊಲಿಗೆ, ಹಪ್ಪಳ-ಸಂಡಿಗೆ, ಅಗರಬತ್ತಿ, ಡೇಟಾ ಎಂಟ್ರಿ ಹೀಗೆ ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸಬೇಕೆನ್ನುವವರ ಮೇಲೆ ಕಣ್ಣಿಟ್ಟ ವಂಚನೆಯಿದು. ಸರ್ಕಾರದ ಯೋಜನೆಯಲ್ಲಿ ನಿಮಗೆ ಸಾಲವೋ ಸಹಾಯಧನವೋ ಮಂಜೂರಾಗಿದೆ ಎಂದು ನಂಬಿಸುತ್ತಾರೆ. ಬಿಡುಗಡೆಗೆ ಮೊದಲು ಶುಲ್ಕ ಕಟ್ಟಿ ಎನ್ನುತ್ತಾರೆ. ಶುಲ್ಕ ಹೋಗುತ್ತದೆ, ಸಹಾಯಧನ ಬರುವುದಿಲ್ಲ.

ಬಲಿಯಾದವರನ್ನು ಆಸೆಬುರುಕರೆಂದು ಜರೆಯುವುದು ರೂಢಿ. ಅದು ನ್ಯಾಯವಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಮನೆಯೊಡತಿಯರ ಖಾತೆಗೆ 2,000 ರೂಪಾಯಿಯ ಕಂತುಗಳು ನಿಜವಾಗಿಯೂ ಬಂದು ಬಿದ್ದಿವೆ. ಸರ್ಕಾರದ ದುಡ್ಡು ನೇರವಾಗಿ ಬರುವುದನ್ನು ಕಣ್ಣಾರೆ ಕಂಡವರು ಅಂಥದೇ ಇನ್ನೊಂದು ಸಂದೇಶವನ್ನು ನಂಬಿದರೆ ಅಚ್ಚರಿಯೇನು?

ಹೊಲಿಗೆ ಯಂತ್ರದ ಸುಳ್ಳು, ಅದರ ಬೆನ್ನಿಗಿರುವ ನಿಜ

‘ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ’ ಎಂಬ ಸಂದೇಶ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಹಲವು ಬಾರಿ ಹೇಳಿದೆ. ಆದರೂ ಅದು ಸಾಯುವುದಿಲ್ಲ, ಏಕೆಂದರೆ ಅದನ್ನು ಹೋಲುವ ನಿಜಗಳೂ ಇವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಉಪಕರಣ ಕೊಳ್ಳಲು ಅದರಲ್ಲಿ 15,000 ರೂಪಾಯಿವರೆಗೆ ಇ-ವೋಚರ್ ಸಿಗುತ್ತದೆ. ನಮ್ಮ ಜಿಲ್ಲೆಗಳಲ್ಲೂ ಆಗಾಗ ಉಚಿತ ಹೊಲಿಗೆ ಯಂತ್ರಕ್ಕೆ ಅರ್ಜಿ ಕರೆಯುವುದುಂಟು. ಪಕ್ಕದ ಬೀದಿಯವಳಿಗೆ ಯಂತ್ರ ಬಂದದ್ದು ನಿಜವಾದಾಗ ತನ್ನ ಮೊಬೈಲಿಗೆ ಬಂದ ಲಿಂಕೂ ನಿಜವೆನಿಸುತ್ತದೆ.

ದುಡ್ಡು ಕೀಳುವ ಬಗೆ

ಹೆಚ್ಚಾಗಿ ಕಾಣುವುದು ಮುದ್ರಾ ಸಾಲದ ನಕಲಿ ಮಂಜೂರಾತಿ ಪತ್ರ. ರಾಜಮುದ್ರೆ, ಸಹಿ, ಸೀಲು ಎಲ್ಲವೂ ಇರುತ್ತವೆ. ಮೊದಲು ಒಂದೆರಡು ಸಾವಿರ ‘ಪ್ರೊಸೆಸಿಂಗ್ ಫೀ’, ಆಮೇಲೆ ವಿಮೆ, ಆಮೇಲೆ ಜಿಎಸ್‌ಟಿ. ಕಟ್ಟಿದ್ದು ಮುಳುಗೀತೆಂಬ ಭಯದಲ್ಲೇ ಜನ ಮುಂದಿನದನ್ನೂ ಕಟ್ಟುತ್ತಾರೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಸಿಗುವುದು ಸಾಲ, ಪುಕ್ಕಟೆ ಹಣವಲ್ಲ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದೂ ಇಲ್ಲ. ಕೊಡುವುದು ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು.

ಇನ್ನು ಡೇಟಾ ಎಂಟ್ರಿ ಕೆಲಸದ ಬಗೆ. ಇಲ್ಲಿ ಮೊದಲು ಒಪ್ಪಂದ, ನಂತರ ‘ತಪ್ಪು ಹೆಚ್ಚಾಗಿದೆ, ದಂಡ ಕಟ್ಟಿ’ ಎಂಬ ವಕೀಲರ ನೋಟಿಸು. ಹೆದರಿ ಕಟ್ಟಬೇಡಿ, ಆ ನೋಟಿಸನ್ನೇ ಹಿಡಿದು ಠಾಣೆಗೆ ಹೋಗಿ. ಕಮಿಷನ್ ಕೊಡುತ್ತೇವೆ, ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ ಎನ್ನುವವರೂ ಇದ್ದಾರೆ. ಅವರು ಎಲ್ಲರಿಗಿಂತ ಅಪಾಯಕಾರಿ: ಬೇರೆಯವರಿಂದ ದೋಚಿದ ಹಣ ನಿಮ್ಮ ಖಾತೆಯ ಮೂಲಕ ಹಾದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ನಿಜವಾದ ಸಹಾಯಧನ ಬರುವ ದಾರಿ

ನಕಲಿಯನ್ನು ಗುರುತಿಸಲು ಅಸಲಿಯ ನಡಿಗೆ ಗೊತ್ತಿರಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ನೋಡಿ. ಗ್ರಾಮೀಣ ಪ್ರದೇಶದಲ್ಲಿ ಹೊಸ ಘಟಕ ತೆರೆಯುವ ಮಹಿಳೆಗೆ ಯೋಜನಾ ವೆಚ್ಚದ 35% ಸಹಾಯಧನವುಂಟು. ಆದರೆ ಅದಕ್ಕೂ ಮೊದಲು ಯೋಜನಾ ವರದಿ ಬೇಕು, 5% ಸ್ವಂತ ಬಂಡವಾಳ ಬೇಕು, ಉಳಿದದ್ದಕ್ಕೆ ಬ್ಯಾಂಕು ಸಾಲ ಒಪ್ಪಬೇಕು. ಇಷ್ಟಾದ ಮೇಲೂ ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯೂ ಬ್ಯಾಂಕ್ ಸಾಲಕ್ಕೆ ಸಹಾಯಧನ ಕೂಡಿಸುವಂಥದ್ದೇ. ಅಸಲಿ ದಾರಿ ಹೀಗೆ ನಿಧಾನದ್ದು, ಕಾಗದಪತ್ರದ್ದು, ಒಮ್ಮೊಮ್ಮೆ ರೇಗಿಸುವಂಥದ್ದು. ‘ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ರದ್ದು’ ಎಂದು ಅವಸರಪಡಿಸುವ ಸರ್ಕಾರಿ ಕಚೇರಿಯನ್ನು ಯಾರಾದರೂ ನೋಡಿದ್ದಾರೆಯೇ?

ಕಿರು ಉದ್ಯಮದ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅದೇ ಚಹರೆಯ ಖಾಸಗಿ ಜಾಲತಾಣಗಳು ಮಾತ್ರ ಸಾವಿರಗಟ್ಟಲೆ ವಸೂಲು ಮಾಡುತ್ತವೆ. ವಿಳಾಸದ ಕೊನೆಯಲ್ಲಿ ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಇದೆಯೇ ನೋಡಿ. ನಡುವೆ ಎಲ್ಲೋ ‘ಜಿಒವಿ’ ಎಂದಿದ್ದರೆ ಸಾಲದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು ತೆರೆಯಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಅನುಮಾನ ಬಂದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೋ ನಿಮ್ಮ ಬ್ಯಾಂಕ್ ಶಾಖೆಯಲ್ಲೋ ಖುದ್ದಾಗಿ ವಿಚಾರಿಸಿ.

ದುಡ್ಡು ಹೋದ ಮೇಲೆ

ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಹಿಡಿಸಲು ಸಾಧ್ಯವಾಗುವುದು ಮೊದಲ ಕೆಲವು ತಾಸುಗಳಲ್ಲೇ. ವಹಿವಾಟಿನ ಸಂಖ್ಯೆ, ಅವರ ಫೋನ್ ನಂಬರು, ಚಾಟ್ ಯಾವುದನ್ನೂ ಅಳಿಸಬೇಡಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ಅವು ಬೇಕಾಗುತ್ತವೆ. ಕೆಲವು ವಾರಗಳ ನಂತರ ‘ಸೈಬರ್ ಇಲಾಖೆಯಿಂದ’ ಫೋನ್ ಬಂದು, ಕಳೆದ ಹಣ ವಾಪಸು ಕೊಡಿಸಲು ಶುಲ್ಕ ಕೇಳಿದರೆ ಅದೂ ಮೋಸವೇ. ಒಮ್ಮೆ ಮೋಸಹೋದವರ ನಂಬರುಗಳೂ ಕೈಯಿಂದ ಕೈಗೆ ಮಾರಾಟವಾಗುತ್ತವೆ.